ಕಪ್ಪು ಮಡ್ಡಿ ಕಟ್ಟಿದ ಎಂಜಿನ್‌ಗೆ ಫ್ಲಶ್ ಹಾಕಿಸಬೇಡಿ, ಮೊದಲು ಚೇಂಬರ್ ಇಳಿಸಿ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು, ತಗೊಳ್ಳಲು ಹೊರಟವರು ಇದನ್ನು ಪೂರ್ತಿ ಓದಿ. ಹೊಸ ಆಯಿಲ್ ಹಾಕಿಸಿ ನಾನೂರು ಕಿಲೋಮೀಟರ್ ಓಡುವುದರೊಳಗೆ ಒಂದು ಎಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಹಿಡಿದುಕೊಂಡು ತಿರುಗದಂತಾಗಿದೆ. ಆಯಿಲ್ ಕಡಿಮೆ ಇರಲಿಲ್ಲ, ಎಲ್ಲೂ ಸೋರಿರಲಿಲ್ಲ.

ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು 78,000 ಕಿ.ಮೀ. ಸರ್ವಿಸ್ ಪುಸ್ತಕದಲ್ಲಿ 41,000ದ ನಂತರ ಒಂದು ಸೀಲೂ ಇಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಮೈಯಲ್ಲಿ ಕೀಲೆಣ್ಣೆಯಂಥ ಕಪ್ಪು ಮಡ್ಡಿ. ಉಗುರಿನಲ್ಲಿ ಕೆರೆದರೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಗ್ಯಾರೇಜಿನವರು ಒಳಗಿನ ಮಡ್ಡಿ ತೊಳೆಯುವ 300 ಮಿ.ಲೀ. ಫ್ಲಶ್ ಡಬ್ಬಿಯನ್ನು ಹಳೇ ಆಯಿಲ್‌ಗೆ ಸುರಿದು, ಹದಿನೈದು ನಿಮಿಷ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡಲು ಬಿಟ್ಟು, ಎಲ್ಲ ಇಳಿಸಿ, ಹೊಸ ಫಿಲ್ಟರ್ ಮತ್ತು ಹೊಸ ಆಯಿಲ್ ಹಾಕಿ ಕಳಿಸಿದರು. ಗೇಜ್ ಕಡ್ಡಿಯಲ್ಲಿ ಆಯಿಲ್ ಜೇನಿನ ಬಣ್ಣದಲ್ಲಿತ್ತು. ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ನಿಂತಾಗ ಕೆಂಪು ಆಯಿಲ್ ದೀಪ ಮಿಣುಕಿತು, ಆಕ್ಸಿಲರೇಟರ್ ಒತ್ತಿದರೆ ಆರಿತು. ಆರಿತಲ್ಲ ಎಂದು ಇನ್ನೂ ಹನ್ನೆರಡು ಕಿಲೋಮೀಟರ್ ಓಡಿಸಿದರು. ಅಷ್ಟರಲ್ಲಿ ಎಂಜಿನ್ ಬುಡದಲ್ಲಿ ಸುತ್ತಿಗೆ ಬಡಿದಂಥ ಸದ್ದು ಶುರುವಾಗಿ ನಿಂತೇಹೋಯಿತು.

ಚೇಂಬರ್, ಅಂದರೆ ಎಂಜಿನ್ ಬುಡದ ಆಯಿಲ್ ತಟ್ಟೆ, ಇಳಿಸಿದಾಗ ಕಾರಣ ಕಣ್ಣಿಗೇ ಕಂಡಿತು. ಆಯಿಲ್ ಪಂಪಿನ ಬಾಯಿಗೆ ಇರುವ ಸ್ಟ್ರೈನರ್, ಅಂದರೆ ಟೀ ಸೋಸುವ ಜಾಲರಿಯಂಥದ್ದು, ಅಂಚಿನಲ್ಲಿ ಒಂದು ಬೆರಳಗಲ ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿಹೋಗಿತ್ತು. ಫ್ಲಶ್ ಮಡ್ಡಿಯನ್ನು ಕರಗಿಸಿರಲಿಲ್ಲ, ಚಕ್ಕೆ ಚಕ್ಕೆಯಾಗಿ ಎಬ್ಬಿಸಿತ್ತು. ಮೇಲಿನಿಂದ ಎದ್ದ ಚಕ್ಕೆಗಳು ಕೆಳಗಿಳಿದು ಜಾಲರಿಗೆ ಅಂಟಿದವು. ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ಆದರೂ ಬೇರಿಂಗಿಗೆ ಹೋಗುತ್ತದೆ. ಸ್ಟ್ರೈನರ್‌ಗೆ ಸಾಮಾನ್ಯವಾಗಿ ಅಂಥ ಅಡ್ಡದಾರಿ ಇರುವುದಿಲ್ಲ. ಅದು ಮುಚ್ಚಿದರೆ ಚೇಂಬರ್ ತುಂಬ ಆಯಿಲ್ ಇದ್ದೂ ಎಂಜಿನ್ ಒಣಗುತ್ತದೆ. ಗೇಜ್ ಕಡ್ಡಿ ಇದನ್ನು ಯಾವತ್ತೂ ತೋರಿಸುವುದಿಲ್ಲ.

ಕೆಂಪು ದೀಪದ ವಿಷಯ ಬಹಳ ಜನ ತಪ್ಪು ತಿಳಿದಿದ್ದಾರೆ. ಅದು ಆಯಿಲ್ ಮಟ್ಟದ ದೀಪವಲ್ಲ, ಒತ್ತಡದ್ದು. ಹೆಚ್ಚಿನ ಕಾರುಗಳಲ್ಲಿ ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಬಿದ್ದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಬಿಸಿ ಎಂಜಿನ್ ಸ್ವಲ್ಪ ವೇಗದಲ್ಲಿ ತಿರುಗುವಾಗ ಇರಬೇಕಾದದ್ದು 2 ಬಾರ್‌ಗೂ ಹೆಚ್ಚು. ಐಡಲ್‌ನಲ್ಲಿ ಪಂಪ್ ನಿಧಾನ, ಬಿಸಿ ಆಯಿಲ್ ತೆಳು, ಆದ್ದರಿಂದ ಮೊದಲು ಅಲ್ಲೇ ಮಿಣುಕುತ್ತದೆ. ರೇಸ್ ಮಾಡಿದಾಗ ಆರಿತು ಎಂದರೆ ಸರಿಯಾಯಿತು ಎಂದಲ್ಲ. ಅಲ್ಲೇ ಬದಿಗೆ ಹಾಕಿ, ಆಫ್ ಮಾಡಿ, ಟೋ ಮಾಡಿಸಿ. ಆ ಹನ್ನೆರಡು ಕಿಲೋಮೀಟರ್ ಓಡಿಸದಿದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಬಹುಶಃ ಉಳಿಯುತ್ತಿತ್ತು.

ಈಗ ಬಣ್ಣದ ಮಾತು. ಡೀಸೆಲ್ ಎಂಜಿನ್ನಿನ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಮಸಿಯಂತೆ ಕಪ್ಪಾಗುತ್ತದೆ. ಅದು ರೋಗವಲ್ಲ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸವೇ. ಪೆಟ್ರೋಲ್‌ನಲ್ಲಿ ನಿಧಾನವಾಗಿ ಕಂದಾಗುತ್ತದೆ. ಸಿಎನ್‌ಜಿ ಗಾಡಿಯಲ್ಲಿ ಬಹಳ ದಿನ ತಿಳಿಯಾಗಿಯೇ ಕಾಣುತ್ತದೆ, ಹಾಗೆಂದು ಬದಲಾಯಿಸುವುದನ್ನು ಮುಂದೆ ಹಾಕಬೇಡಿ. ಮಸಿ ಇಲ್ಲದಿದ್ದರೂ ಶಾಖಕ್ಕೆ ಆಯಿಲ್ ಹಾಳಾಗುತ್ತಲೇ ಇರುತ್ತದೆ. ಬೆರಳಲ್ಲಿ ಉಜ್ಜಿದಾಗ ಜಾರಬೇಕು, ಹರಿಯಬೇಕು. ಅಂಟಿಕೊಂಡರೆ, ಗಂಟು ಸಿಕ್ಕರೆ ಯೋಚಿಸಿ. ಮುಚ್ಚಳದ ಒಳಗೆ ಲೋಹಕ್ಕೆ ಅಂಟಿದ ತೆಳು ಕಂದು ಬಣ್ಣ ಮಾತ್ರ ಇದ್ದರೆ ಹೆದರಬೇಡಿ. ಟಾರ್ಚ್ ಹಿಡಿದು ಆ ತೂತಿನೊಳಗೆ ಇಣುಕಿ: ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸುವ ಚೈನ್ ಸುತ್ತ ಗುಡ್ಡೆಗುಡ್ಡೆ ಕಪ್ಪು ಕಂಡರೆ ಅದೇ ಸ್ಲಡ್ಜ್, ಅಂದರೆ ಮೇಲೆ ಹೇಳಿದ ಮಡ್ಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಚೈನ್ ಗಲಗಲ ಅಂದರೆ ಅನುಮಾನ ಇನ್ನೂ ಬಲವಾಗುತ್ತದೆ, ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ತಡವಾಗಿ ತಲುಪುತ್ತಿರಬಹುದು.

ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ವಿಚಾರ ಬೇರೆ. ಮುಚ್ಚಳದಲ್ಲಿ ಮಾತ್ರ ಬೆಣ್ಣೆಯಂಥ ನೊರೆ ಇದ್ದು, ಗೇಜ್ ಕಡ್ಡಿಯಲ್ಲಿ ಆಯಿಲ್ ಶುದ್ಧವಾಗಿದ್ದರೆ ಅದು ಬಹುಪಾಲು ತೇವಾಂಶ. ಮಳೆಗಾಲದ ಮಡಿಕೇರಿ, ಆಗುಂಬೆ ಕಡೆ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಕಾಣುವಂಥದ್ದೇ. ಅರ್ಧ ಗಂಟೆ ಹೈವೇಯಲ್ಲಿ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ, ಮುಚ್ಚಳ ಒರೆಸಿ, ವಾರ ಬಿಟ್ಟು ನೋಡಿ. ಗೇಜ್ ಕಡ್ಡಿಯಲ್ಲೂ ಅದೇ ಬಣ್ಣ, ಜೊತೆಗೆ ಕೂಲೆಂಟ್ ಕಡಿಮೆಯಾಗುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲ್) ಅಥವಾ ಆಯಿಲ್ ಕೂಲರ್ ಹೋಗಿರಬಹುದು, ಸ್ಟಾರ್ಟ್ ಮಾಡಲೇಬೇಡಿ. ಕೂಲೆಂಟ್ ಬೆರೆತ ಆಯಿಲ್ ಬೇರಿಂಗನ್ನು ಬೇಗ ತಿನ್ನುತ್ತದೆ. ಅನುಮಾನವಿದ್ದರೆ ಅಡುಗೆಗೆ ಬಳಸದ ಹಳೇ ತವಾ ಕಾಯಿಸಿ, ಬೆಂಕಿ ಆರಿಸಿ, ದೂರ ನಿಂತು ಒಂದೇ ಹನಿ ಬಿಡಿ. ನೀರಿದ್ದರೆ ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟಪಟ ಅನ್ನುತ್ತದೆ. ನೀರು ನೆರೆಯಿಂದಲೂ ಸೇರಿರಬಹುದು: 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರುಗಳು ನೀರಲ್ಲಿ ನಿಂತಿದ್ದವು. ಹಳೇ ಕಾರು ನೋಡುವಾಗ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ.

ಬಿಎಸ್6 ಡೀಸೆಲ್‌ನಲ್ಲಿ ಇನ್ನೊಂದು ಇದೆ. ಆಯಿಲ್ ಮಟ್ಟ ತಾನಾಗಿಯೇ ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಬಂದರೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗಿನ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು ಡೀಸೆಲ್ ಚೇಂಬರಿಗೆ ಇಳಿಯುತ್ತಿರಬಹುದು. ಹೆಚ್ಚಾಯಿತು ಎಂದು ಖುಷಿಪಡದೆ ಆಯಿಲ್ ಬದಲಾಯಿಸಿ.

ಮಡ್ಡಿ ಕಟ್ಟುವುದು ಬರೀ ಮಾಲೀಕರ ಅಸಡ್ಡೆಯಿಂದ ಎನ್ನುವುದೂ ಸರಿಯಲ್ಲ. ಅಮೆರಿಕದಲ್ಲಿ 1997ರಿಂದ 2002ರವರೆಗಿನ ಕೆಲವು ಟೊಯೋಟಾ ಎಂಜಿನ್‌ಗಳಲ್ಲಿ ಈ ದೂರು ಎಷ್ಟು ಬಂತೆಂದರೆ ಕಂಪನಿಯೇ 2002ರಲ್ಲಿ ವಿಶೇಷ ರಿಪೇರಿ ಯೋಜನೆ ತರಬೇಕಾಯಿತು. ಆದರೆ ನಮ್ಮಲ್ಲಿ ಹೆಚ್ಚು ಕಾಣುವ ಕಾರಣ ಎರಡು: ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಐಡಲ್ ಆಗುವ ಕಾರಿಗೂ ಆಯಿಲ್ ಬದಲಿಸಲು 10,000 ಕಿ.ಮೀ. ಲೆಕ್ಕವನ್ನೇ ಹಿಡಿಯುವುದು, ಮತ್ತು ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಳ್ಳುವುದು. ಪೆಟ್ರೋಲ್ ಕಾರಿನಲ್ಲಿ ಐಡಲ್ ಇರುವಾಗ ಮುಚ್ಚಳ ತೆಗೆದು ಆ ಬಾಯಿಗಿಂತ ದೊಡ್ಡ ದಪ್ಪ ಕಾಗದ ಇಡಿ. ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಸರಿ. ಎತ್ತಿ ಎಸೆದರೆ ಪಿಸಿವಿ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿದೆ.

ಸ್ಲಡ್ಜ್ ಖಚಿತವಾದರೆ ಚೇಂಬರ್ ಮತ್ತು ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಬಿಚ್ಚಿ ಕೈಯಲ್ಲೇ ತೆಗೆಯಬೇಕು, ಸ್ಟ್ರೈನರ್ ಕಳಚಿ ತೊಳೆಯಬೇಕು, ಪಿಸಿವಿ ಹೊಸದು ಹಾಕಬೇಕು. ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಎಂಜಿನ್ ಓಡಿಸಿ ತೊಳೆಯುತ್ತೇವೆ ಅಂದರೆ ಒಪ್ಪಬೇಡಿ, ಅದು ಬೇರಿಂಗಿನ ಆಯಿಲ್ ಪದರವನ್ನೇ ತೆಗೆಯುತ್ತದೆ. 20ಡಬ್ಲ್ಯು50ಯಂಥ ದಪ್ಪ ಆಯಿಲ್ ಹಾಕಿದರೆ ದೀಪ ಆರಬಹುದು, ಸ್ಟ್ರೈನರ್ ತೆರೆಯುವುದಿಲ್ಲ. ವಾಪಸ್ ಕೂರಿಸುವಾಗ ಸಂದು ಮುಚ್ಚುವ ಗ್ಯಾಸ್ಕೆಟ್ ಪೇಸ್ಟ್ ಮೇಲೆ ಕಣ್ಣಿಡಿ: 2ರಿಂದ 3 ಮಿ.ಮೀ. ಗೆರೆ ಸಾಕು. ಹೆಚ್ಚಾದದ್ದು ಒಳಗೆ ಹಿಂಡಿಕೊಂಡು, ಒಣಗಿ, ತುಂಡಾಗಿ ಈಗಷ್ಟೇ ತೊಳೆದ ಸ್ಟ್ರೈನರ್‌ಗೇ ಹೋಗಿ ಕೂರುತ್ತದೆ. ಪೇಸ್ಟ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟ ಮೇಲೆಯೇ ಆಯಿಲ್.

ಆಮೇಲೆ ಕಂಪನಿ ಹೇಳಿದ ಗ್ರೇಡನ್ನೇ ಹಾಕಿ. 500 ಕಿ.ಮೀ. ಆದಾಗ ಒಂದು ಸಲ, 1,500 ಆದಾಗ ಇನ್ನೊಂದು ಸಲ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಅಲ್ಲಿಂದ ಮುಂದೆ ಪ್ರತಿ 5,000ಕ್ಕೆ. ಪ್ರತಿ ಸಲ ಬಿಚ್ಚಿದ ಫಿಲ್ಟರ್ ಕೇಳಿ ತಗೊಂಡು, ತಗಡು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಕಪ್ಪು ಹರಳು ಕಡಿಮೆಯಾಗುತ್ತಾ ಬರಬೇಕು. ಬಿಸಿಲಿಗೆ ಹಿಡಿದಾಗ ಮಿನುಗುವ ಚೂರು ಕಂಡರೆ ಅದು ಬೇರಿಂಗ್ ಲೋಹವಿರಬಹುದು, ಕಾರನ್ನು ಓಡಿಸದೆ ಅಲ್ಲೇ ಬಿಟ್ಟು ಮತ್ತೆ ಚೇಂಬರ್ ಇಳಿಸಲು ಹೇಳಿ.