ಬಣ್ಣ ಬಳಿದ ಹಳೆಯ ಸೀಸದ ಫಿರಂಗಿ, ಬಂಡಿ ಕೊಳ್ಳುವ ಮುಂಚೆ ಇದನ್ನು ಓದಿ

ಹಳೆಯ ವಾರ್‌ಗೇಮಿಂಗ್ ಮಿನಿಯೇಚರ್‌ಗಳನ್ನು, ಅಂದರೆ ಮೇಜಿನ ಮೇಲೆ ಯುದ್ಧದ ಆಟ ಆಡಲು ಬಳಸುವ ಪುಟ್ಟ ಲೋಹದ ಮಾದರಿಗಳನ್ನು, ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಬರಹ. ಅದರಲ್ಲೂ 1970–80ರ ದಶಕದ ಸೀಸದ ಫಿರಂಗಿ, ಯುದ್ಧದ ಬಂಡಿ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. "ಊರಿಗೆ ಬರುವಾಗ ಅಲ್ಲಿಂದ ಹಳೇ ಸೆಟ್ ಯಾವುದಾದ್ರೂ ತಗೊಂಡು ಬಾ" ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೂ ಇದು ಗೊತ್ತಿರಲಿ. ನನಗೆ ಹೋದದ್ದು ಬರೀ ದುಡ್ಡಲ್ಲ, ಚಿಕ್ಕ ಮಗು ಇರುವ ಮನೆಗೆ ವಿಷದ ಪುಡಿ ಬಂದು ಸೇರಿತು.

ಇಟಲಿ ಯುದ್ಧಗಳು ಎಂದರೆ ನನಗೆ ಬಹಳ ಇಷ್ಟ. 1494ರಲ್ಲಿ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಕುದುರೆ ಎಳೆಯುವ ಕಂಚಿನ ಫಿರಂಗಿಗಳೊಂದಿಗೆ ಇಟಲಿಗೆ ನುಗ್ಗಿದಾಗಿನಿಂದ 1559ರವರೆಗಿನ ಕಾಲ ಅದು. ಅದರಲ್ಲಿ ನಾನು ವರ್ಷಗಳಿಂದ ಮಿನಿಯೇಚರ್‌ಗಳಲ್ಲಿ ಕಟ್ಟಬೇಕು ಎಂದುಕೊಂಡಿದ್ದು 1512ರ ಏಪ್ರಿಲ್ 11ರ ರವೆನ್ನಾ ಕದನ. ಒಂದು ಕಡೆ ಸ್ಪೇನಿನ ಪೆಡ್ರೋ ನವಾರೋನ ಬಂಡಿಗಳು. ಮುಂದಕ್ಕೆ ಚಾಚಿದ ಉದ್ದ ಅಲಗು, ಮೇಲೆ ಸಣ್ಣ ತುಪಾಕಿಗಳು. ಇನ್ನೊಂದು ಕಡೆ ಫ್ರೆಂಚರ ಜೊತೆ ನಿಂತ ಫೆರಾರಾದ ಡ್ಯೂಕ್ ಅಲ್ಫಾನ್ಸೋ ದೆಸ್ತೆಯ ಫಿರಂಗಿಗಳು. ಅವುಗಳನ್ನು ಪಕ್ಕಕ್ಕೆ ಎಳೆದೊಯ್ದು ಸ್ಪೇನಿನ ಸೈನ್ಯದ ಮೇಲೆ ಗುಂಡು ಸುರಿಸಿದ್ದು ಆ ದಿನದ ದೊಡ್ಡ ಸಂಗತಿ. ಬಂಡಿ, ಫಿರಂಗಿ, ಎಳೆಯುವ ಕುದುರೆ, ಮದ್ದಿನ ಪೀಪಾಯಿ, ಹಗ್ಗ ಹಿಡಿದ ಆಳುಗಳು. ಬಣ್ಣ ಹಾಕುವವರಿಗೆ ಇಷ್ಟು ಸಮೃದ್ಧವಾದ ವಸ್ತು ಬೇರೆ ಸಿಗುವುದಿಲ್ಲ.

ಹೀಗಿರುವಾಗ 25 ಮಿಲಿಮೀಟರ್ ಅಳತೆಯ (ಒಂದು ಆಳಿನ ಬೊಂಬೆಯ ಎತ್ತರ ಸುಮಾರು ಅಷ್ಟು) ಹಳೆಯ ಸೆಟ್ಟೊಂದು ಆನ್‌ಲೈನ್‌ನಲ್ಲಿ ಕಾಣಿಸಿತು. ಬಂಡಿಗಳೂ ಇದ್ದವು, ಫಿರಂಗಿಗಳೂ ಇದ್ದವು. "ಪರಿಣತರು ಬಣ್ಣ ಹಾಕಿದ್ದು, ವಾರ್ನಿಶ್ ಆಗಿದೆ" ಎಂದು ಬರೆದಿದ್ದರು. ಬೆಲೆಯೂ ಅದಕ್ಕೆ ತಕ್ಕ ಹಾಗೆ ಜಾಸ್ತಿ. ಫೋಟೋದಲ್ಲಿ ಒಂದು ವಿಷಯ ನನಗೆ ಸರಿ ಕಾಣಲಿಲ್ಲ. ಫಿರಂಗಿಗಳ ನಳಿಗೆ ಮೇಲೆಲ್ಲ ಕಿಲುಬಿನಂತೆ ತಿಳಿ ಹಸಿರು ಬಣ್ಣ ಬಳಿದಿದ್ದರು.

ಆ ಕಾಲದ ಫಿರಂಗಿಗೆ ಕಿಲುಬು ಯಾಕೆ ಹೊಂದುವುದಿಲ್ಲ ಅಂದರೆ, ಅವು ಆಗ ಹೊಚ್ಚ ಹೊಸವು. 1511ರ ಕೊನೆಯಲ್ಲಿ ಬೊಲೊನ್ಯಾದ ಜನ ಮೈಕೆಲ್ಯಾಂಜಲೋ ಮಾಡಿದ್ದ ಪೋಪ್ ಎರಡನೇ ಜೂಲಿಯಸ್‌ನ ಕಂಚಿನ ಪ್ರತಿಮೆಯನ್ನು ಉರುಳಿಸಿದರು. ಅದೇ ಕಂಚನ್ನು ಅಲ್ಫಾನ್ಸೋ ಕರಗಿಸಿ "ಲಾ ಜೂಲಿಯಾ" ಎಂಬ ಫಿರಂಗಿ ಎರಕ ಹೊಯ್ಸಿದ. ಆಗಷ್ಟೇ ಎರಕವಾದ ಕಂಚು ಹೊಂಬಣ್ಣದ ಕಂದು. ವಿಜಯಪುರದ ಮಲಿಕ್-ಎ-ಮೈದಾನ್ ಕೂಡ ಅದೇ ಶತಮಾನದ್ದು, 1549ರದು. ಅದರ ಮೇಲೆ ಇಂದು ಕಾಣುವ ಕಪ್ಪು-ಹಸಿರು ನೂರಾರು ವರ್ಷ ಬಯಲಲ್ಲಿ ನಿಂತ ಕಂಚಿನದು. ಯುದ್ಧಭೂಮಿಯ ಫಿರಂಗಿಗೆ ಆ ಬಣ್ಣ ಬರುವುದಿಲ್ಲ.

ಇದನ್ನು ನಾನು ಮಾರಾಟಗಾರರಿಗೆ ಬರೆದು ಕೇಳಿದೆ. ಜೊತೆಗೆ "ಲೆಡ್ ರಾಟ್ (ಸೀಸ ಕೊಳೆತಂತೆ ಬಿಳಿ ಪುಡಿಯಾಗುವ ರೋಗ) ಇದೆಯಾ?" ಎಂದು ನೇರವಾಗಿಯೇ ಕೇಳಿದೆ. "ಖಂಡಿತ ಇಲ್ಲ, ಹಸಿರು ಬಣ್ಣ ಹಾಕಿದವರ ಅಭಿರುಚಿ ಅಷ್ಟೇ" ಎಂದು ಉತ್ತರ ಬಂತು. ಬರಹದಲ್ಲೇ ಬಂತು.

ಪೆಟ್ಟಿಗೆ ತೆರೆದಾಗ ಕಂಡದ್ದು ಬೇರೆ. ಬಂಡಿಯ ಅಡಿಭಾಗದಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಗಾಲಿಯ ಕಡ್ಡಿಗಳು ಮುಟ್ಟಿದರೆ ಮುರಿಯುವಂತಿದ್ದವು. ಫಿರಂಗಿಯ ಬಾಯೊಳಗೆ ಸುಣ್ಣದಂಥ ಬಿಳಿ ಪುಡಿ. ಹಸಿರು ಬಣ್ಣದ ಕೆಲಸ ಆಗ ಅರ್ಥವಾಯಿತು. ಒಳಗಿಂದ ಉಕ್ಕುತ್ತಿದ್ದ ಬಿಳಿಯನ್ನು ಮರೆಮಾಡಲು ಅದನ್ನು ದಪ್ಪಗೆ ಮೆತ್ತಿದ್ದರು.

ಫೋಟೋ ಕಳಿಸಿದರೆ ಮಾರಾಟಗಾರರು ಹೇಳಿದ್ದು: "ಅದು ವಾರ್ನಿಶ್ ಮಂಜುಗಟ್ಟಿರೋದು, ತೇವಕ್ಕೆ ಹಾಗಾಗುತ್ತೆ." ಈ ನೆಪವನ್ನು ನೀವೂ ಕೇಳುತ್ತೀರಿ, ಆದ್ದರಿಂದ ವ್ಯತ್ಯಾಸ ತಿಳಿದಿರಲಿ. ತೇವದ ದಿನ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದರೆ ಮೇಲ್ಮೈ ಬಿಳಿಚಿಕೊಳ್ಳುವುದು ನಿಜ. ಆದರೆ ಅದು ಮೇಲಿನ ಪದರದಲ್ಲಿ, ತೆಳುವಾಗಿ ಹರಡಿರುತ್ತದೆ. ಒಂದು ಕೋಟ್ ಹೊಳಪಿನ (ಗ್ಲಾಸಿ) ವಾರ್ನಿಶ್ ಹಚ್ಚಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ಲೆಡ್ ರಾಟ್ ಹಾಗಲ್ಲ. ಅದು ಬಣ್ಣದ ಕೆಳಗಿಂದ, ಅಲ್ಲಲ್ಲಿ, ಬಣ್ಣವನ್ನು ಎತ್ತಿಕೊಂಡು ಬರುತ್ತದೆ. ಪುಡಿ ಉದುರುತ್ತದೆ. ತೆಳು ಭಾಗಗಳು ಮೊದಲು ಹೋಗುತ್ತವೆ. ಇದನ್ನೆಲ್ಲ ವಿವರಿಸಿ ಬರೆದ ಮೇಲೆ ಅವರಿಂದ ಉತ್ತರವೇ ನಿಂತುಹೋಯಿತು. ದುಡ್ಡು ವಾಪಸ್ ಬರಲಿಲ್ಲ.

ಈ ಬಿಳಿ ಪುಡಿ ಏನು ಅಂತ ಹೇಳಲೇಬೇಕು. ಮರ, ಪ್ಲೈವುಡ್, ರಟ್ಟು, ಕೆಲವು ಅಂಟುಗಳು ವಿನೆಗರ್ ಜಾತಿಯ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಕಪಾಟಿನಲ್ಲಿ ತೇವ ಮತ್ತು ಆ ಆವಿ ಸೇರಿದರೆ ಸೀಸ ನಿಧಾನವಾಗಿ ಸೀಸದ ಕಾರ್ಬೊನೇಟ್ ಆಗುತ್ತದೆ. ಓಕ್ ಮರದ ಕಪಾಟಂತೂ ತುಂಬ ಕೆಟ್ಟದ್ದು. ಹಿಂದೆ ವರ್ಣಚಿತ್ರಕಾರರಿಗೆ ಬಿಳಿ ಬಣ್ಣ ತಯಾರಿಸುತ್ತಿದ್ದುದೂ ಹೀಗೇ, ಸೀಸದ ತಗಡಿಗೆ ವಿನೆಗರ್ ಆವಿ ಹಾಯಿಸಿ. ಆ ಕಾಲದ ಇಟಲಿಯ ಚಿತ್ರಗಳಲ್ಲಿ ಹೊಳೆಯುವ ಬಿಳಿ ನಮ್ಮ ಫಿರಂಗಿಯನ್ನು ತಿನ್ನುವ ವಸ್ತುವೇ.

ಮಿನಿಯೇಚರ್ ಹಾಳಾಗುವುದು ಒಂದು ದುಃಖ. ಆದರೆ ಈ ಪುಡಿ ಉಸಿರಲ್ಲಿ, ಬೆರಳಿನಿಂದ ಬಾಯಿಗೆ ಹೋದರೆ ವಿಷ. ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೊತ್ತಿದ್ದೂ ಇದರ ಮೇಲೆ ಬಣ್ಣ ಬಳಿದು ಮಾರುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಿಮ್ಮ ಕೈಗೆ ಇಂಥದ್ದು ಬಂದರೆ ಊದಬೇಡಿ, ಒಣ ಬ್ರಶ್‌ನಲ್ಲಿ ಉಜ್ಜಬೇಡಿ, ಅರ ಹಾಕಲೇಬೇಡಿ. ಗ್ಲೌಸ್ ಹಾಕಿಕೊಂಡು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಬಿಗಿಯಾಗಿ ಮುಚ್ಚಿ. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ವಿನೆಗರ್‌ನಲ್ಲಿ ನೆನೆಸಿದರೆ ಪುಡಿ ಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಪುಡಿ ಕರಗುವುದೇನೋ ನಿಜ. ಆದರೆ ಕರಗಿ ಆಗುವುದು ಸೀಸದ ಅಸಿಟೇಟ್. ಅದೂ ವಿಷ, ನೀರಲ್ಲಿ ಕರಗುವ ವಿಷ. ಅಡುಗೆಮನೆ ಸಿಂಕಿನಲ್ಲಿ ಅದನ್ನು ಚೆಲ್ಲುವುದನ್ನು ಊಹಿಸಿ. ಹೊಸ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಹೊಡೆದು ಮುಚ್ಚಿದರೂ ಪ್ರಯೋಜನವಿಲ್ಲ, ಒಳಗೆ ಅದು ಮುಂದುವರಿಯುತ್ತದೆ. ನಾನು ಪೂರ್ತಿ ಸೆಟ್ಟನ್ನು ಇಲ್ಲಿನ ಕೌನ್ಸಿಲ್‌ನ ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಕೊಟ್ಟೆ.

ಇನ್ನು ಕೊಳ್ಳುವ ವಿಚಾರ. ಹಳೆಯದೇ ಬೇಕೆಂದರೆ ಬಣ್ಣ ಹಾಕದ ಬರಿ ಲೋಹದ್ದನ್ನೇ ಕೊಳ್ಳಿ. ಲೋಹ ಕಣ್ಣಿಗೆ ಕಂಡರೆ ರೋಗವೂ ಕಾಣುತ್ತದೆ. ಮಂಕು ಬೂದು ಬಣ್ಣ ಮಾತ್ರ ಇದ್ದು ಪುಡಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಬರೀ ವಯಸ್ಸಿನ ಬಣ್ಣ. 1990ರ ದಶಕದಲ್ಲಿ ಹಲವು ತಯಾರಕರು ಸೀಸ ಬಿಟ್ಟು ತವರ ಜಾಸ್ತಿ ಇರುವ ಮಿಶ್ರಲೋಹಕ್ಕೆ ಬಂದರು. ಅಂಥವು ಗಟ್ಟಿ, ಈ ರೋಗ ಅಷ್ಟಾಗಿ ಬರುವುದಿಲ್ಲ. ಸೀಸ ಜಾಸ್ತಿ ಇದ್ದರೆ ಕಾಗದದ ಮೇಲೆ ಉಜ್ಜಿದಾಗ ಬೂದು ಗೆರೆ ಬೀಳುತ್ತದೆ. ಮನೆಗೆ ತಂದ ಮೇಲೆ ಮರದ ಶೋಕೇಸ್ ಬೇಡ. ಲೋಹದ ಅಥವಾ ಗಾಜಿನ ಕಪಾಟು, ಸ್ವಲ್ಪ ಗಾಳಿ, ಸಿಲಿಕಾ ಜೆಲ್ ಇದ್ದರೆ ಸಾಕು.

ಬಣ್ಣ ಹಾಕಿದ್ದೇ ಬೇಕು ಅಂದ್ರೆ ಬಂಡಿಯ ಅಡಿಭಾಗ, ಫಿರಂಗಿಯ ಬಾಯಿ, ಗಾಲಿಯ ಕಡ್ಡಿಗಳು, ಇಷ್ಟರ ಹತ್ತಿರದ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಲು ಹೇಳಿ. ಯಾವ ಕಪಾಟಿನಲ್ಲಿ, ಎಷ್ಟು ವರ್ಷ ಇಟ್ಟಿದ್ದರು ಎಂದೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಸೆಟ್ ಬಿಟ್ಟುಬಿಡಿ. ಬೆಂಗಳೂರಿನ ಗೆಳೆಯರೇ, ನಿಮಗಾಗಿ ಇಲ್ಲಿಂದ ಏನನ್ನಾದರೂ ತರಬೇಕಾದರೆ ಈ ಫೋಟೋಗಳನ್ನು ಮೊದಲು ತರಿಸಿ ನನಗೆ ಕಳಿಸಿ.