ಟೋಕಿಯೋದ ಟೊಯೊಸು ಮೀನು ಮಾರ್ಕೆಟ್: ಗಾಜಿನ ಆಚೆ ಮೀನು, ಈಚೆ ನಾವು

ಬೆಳಗಾವಿಯಲ್ಲಿ ಸುರಮಾಯಿಯ ಕಿವಿರು ಎತ್ತಿ ನೋಡಿ, ಒತ್ತಿ ನೋಡಿ, ಆಮೇಲೆ ರೇಟಿಗೆ ಜಗ್ಗಾಡುವವರಿಗೆ ಟೊಯೊಸುದಲ್ಲಿ ಮೊದಲು ನಿರಾಶೆಯೇ. ಮೀನು ಮುಟ್ಟಲು ಬಿಡುವುದಿಲ್ಲ. ಸಮುದ್ರ ತುಂಬಿಸಿ ಮಾಡಿದ ನಡುಗಡ್ಡೆಯ ಮೇಲೆ, ಸುಮಾರು 40 ಹೆಕ್ಟೇರಿನಲ್ಲಿ ಹರಡಿದ ಈ ಸಗಟು ಮಾರ್ಕೆಟ್ ಶುರುವಾದದ್ದು 2018ರ ಅಕ್ಟೋಬರ್ 11ರಂದು. ಇದಕ್ಕೂ ಮುಂಚೆ, 1935ರಿಂದ ನಡೆದಿದ್ದ ಹಳೆಯ ಮಾರ್ಕೆಟ್ ತ್ಸುಕಿಜಿಗೆ ಬದಿಗಳು ತೆರೆದೇ ಇದ್ದವು. ಬೇಸಿಗೆಯ ಧಗೆಯೂ ಇಲಿಯೂ ಸಲೀಸಾಗಿ ಒಳಗೆ. ಟೊಯೊಸು ಪೂರ್ತಿ ಮುಚ್ಚಿದ ಕಟ್ಟಡ, ಹರಾಜಿನ ಅಂಗಳವೂ ತಂಪು. ಮೀನಿನ ಲೆಕ್ಕದಲ್ಲಿ ಇದೇ ಸರಿ.

ನೆಲದ ಹಿಂದಿನ ಕಥೆ ಮಾತ್ರ ಚಲೋ ಇಲ್ಲ. ಮೊದಲು ಗ್ಯಾಸ್ ಕಾರ್ಖಾನೆ ಇದ್ದ ಜಾಗ. ಮಣ್ಣಿನಲ್ಲಿ ಬೆಂಜೀನ್, ಆರ್ಸೆನಿಕ್ ಸಿಕ್ಕವು. ಶುದ್ಧ ಮಣ್ಣು ತುಂಬಬೇಕಿದ್ದ ಕಡೆ ಕಟ್ಟಡದಡಿ ಟೊಳ್ಳು ಬಿಟ್ಟದ್ದು 2016ರಲ್ಲಿ ಬಯಲಾಯಿತು. ಅದಕ್ಕೆ ಕಾಂಕ್ರೀಟ್ ಹಾಸಿ, ಅಂತರ್ಜಲ ಎತ್ತುವ ಪಂಪುಗಳನ್ನು ಬಲಪಡಿಸಿದ ಮೇಲೆಯೇ ಬಾಗಿಲು ತೆರೆದದ್ದು.

ನೋಡಬೇಕಾದ್ದು ಟ್ಯೂನಾ ಹರಾಜು. ಬಾಲ ಕೊಯ್ದ ಮೀನುಗಳು ಸಾಲಾಗಿ ಬಿದ್ದಿರುತ್ತವೆ. ವ್ಯಾಪಾರಿ ಕೊಯ್ದ ಕಡೆ ಬ್ಯಾಟರಿ ಬಿಟ್ಟು ನೋಡುತ್ತಾನೆ, ಚೂರು ಮಾಂಸ ಕಿತ್ತು ಬೆರಳುಗಳ ನಡುವೆ ತಿಕ್ಕಿ ಕೊಬ್ಬಿನ ಅಂದಾಜು ಮಾಡುತ್ತಾನೆ. ಮಾಂಸದ ಕೆಂಪು ಎದ್ದು ಕಾಣಲೆಂದೇ ನೆಲಕ್ಕೆ ಹಸಿರು ಬಣ್ಣ. ಕೊಳ್ಳುವವರು ಬೆಲೆ ಕೂಗುವುದಿಲ್ಲ, ಬೆರಳ ಸನ್ನೆಯಲ್ಲಿ ಹೇಳುತ್ತಾರೆ. 5:30ಕ್ಕೆ ಶುರು (ನಮ್ಮಲ್ಲಿ ಆಗ ನಡುರಾತ್ರಿ 2), ಸುಮಾರು ಒಂದು ತಾಸಿನ ಆಟ.

ಹರಾಜನ್ನು ಹತ್ತಿರದಿಂದ ನೋಡುವ ಕೆಳಗಿನ ಡೆಕ್‌ಗೆ ಮುಂಚಿತವಾಗಿ ಆನ್‌ಲೈನ್ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಹೆಸರು ಬರಬೇಕು. ಅಲ್ಲಿ ಹರಾಜು ಕೂಗುವವನ ದನಿ ಕಿವಿಗೆ ಬೀಳುತ್ತದೆ. ಮೇಲಿನ ಗ್ಯಾಲರಿಗೆ ಯಾರು ಬೇಕಾದರೂ ಹೋಗಬಹುದು, ಆದರೆ ಪೂರ್ತಿ ಗಾಜು. ಸದ್ದಿಲ್ಲದ ಟಿವಿ ನೋಡಿದ ಹಾಗೆ. ಲಾಟರಿ ಬಾರದಿದ್ದರೆ ಅಷ್ಟು ಹೊತ್ತಿಗೆ ಏಳುವ ತ್ರಾಸು ಬೇಡ, ತಡವಾಗಿ ಊಟಕ್ಕೆ ಹೋಗಿ.

ಇಳಿಯಬೇಕಾದ್ದು ಯುರಿಕಾಮೊಮೆ ಮಾರ್ಗದ ಶಿಜೊ-ಮಾಏ ನಿಲ್ದಾಣದಲ್ಲಿ, ಅಲ್ಲಿಂದ ಮೇಲ್ಸೇತುವೆಯಲ್ಲೇ ಒಳಗೆ ಹೋಗಬಹುದು. ಹರಾಜು ನೋಡುವವರು ಟೊಯೊಸು ನಿಲ್ದಾಣದ ಸುತ್ತಮುತ್ತ ರೂಮು ಹಿಡಿಯಿರಿ. ದೂರದಿಂದ ಮೊದಲ ರೈಲಿಗೆ ಬಂದರೆ ಅರ್ಧ ಮುಗಿದಿರುತ್ತದೆ. ಭಾನುವಾರ ಬಂದ್, ಕೆಲವು ಬುಧವಾರವೂ ಬಂದ್, ಕ್ಯಾಲೆಂಡರ್ ನೋಡದೆ ಟಿಕೆಟ್ ಮಾಡಬೇಡಿ.

ಹೆಸರಾದ ಸುಶಿ ಅಂಗಡಿಗಳಲ್ಲಿ ದಾಯಿವಾ ಇರುವುದು ಕಾಯಿಪಲ್ಲೆ ಕಟ್ಟಡದಲ್ಲಿ, ಸುಶಿ ದಾಯಿ ಮೀನಿನ ಕಟ್ಟಡದಲ್ಲಿ. ಎರಡು ಕಟ್ಟಡಗಳ ನಡುವೆ ದೊಡ್ಡ ನಡಿಗೆ, ಮೊದಲೇ ಒಂದನ್ನು ಆರಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಚ್ಚುತ್ತಾರೆ. ಮೀನಿನ ಕಟ್ಟಡದ 4ನೇ ಮಹಡಿಯಲ್ಲಿ ಒಳ್ಳೆ ಚಾಕುಗಳು ಸಿಗುತ್ತವೆ. ಕೊಂಡರೆ ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ. ವಾಸನೆ, ಗದ್ದಲ, ಕೈಗೆ ಸಿಗುವ ಮೀನು ಬೇಕೆಂದರೆ ತ್ಸುಕಿಜಿಯ ಹೊರಪೇಟೆ ಇನ್ನೂ ಇದ್ದಲ್ಲೇ ಇದೆ.