ಶ್ವಾಸಕೋಶ ಕಸಿಯೋ, ಮನೆಯಲ್ಲೇ ಆಮ್ಲಜನಕವೋ?

ಮೂಡಿಗೆರೆಯ ತೋಟದ ಮನೆಯಲ್ಲಿರುವ, ಶ್ವಾಸಕೋಶದ ಕಾಯಿಲೆಯ ನಿಮ್ಮ ತಂದೆಯವರಿಗೆ ದಾನಿಯ ಶ್ವಾಸಕೋಶ ಜೋಡಿಸುವ ಕಸಿ, ಮನೆಯಲ್ಲೇ ಆಮ್ಲಜನಕ, ಇವೆರಡರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ: ಆಮ್ಲಜನಕದ ಯಂತ್ರ ಸಾವಿರಗಳ ಮಾತು, ಕಸಿ ಹಲವು ಲಕ್ಷಗಳದ್ದು.

ಆಮ್ಲಜನಕವನ್ನು ದಿನಕ್ಕೆ ಕನಿಷ್ಠ 15 ಗಂಟೆ ತೆಗೆದುಕೊಳ್ಳಬೇಕು. ಆಷಾಢದ ಗಾಳಿಗೆ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದರೆ ಯಂತ್ರ ಸುಮ್ಮನಾಗುತ್ತದೆ. ಹಾಗಾಗಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು, ಸೌದೆ ಒಲೆಯಿಂದ ದೂರದಲ್ಲಿ. ಇಷ್ಟಾದರೂ ಅದು ಉಸಿರಿಗೆ ಊರುಗೋಲು, ರೋಗ ಅಲ್ಲೇ ಇರುತ್ತದೆ.

ಕಸಿ ಫಲಿಸಿದರೆ ಮೂಗಿನ ಕೊಳವೆ ಬಿಟ್ಟು ಅಂಗಳದಲ್ಲಿ ಓಡಾಡಬಹುದು. ಆದರೆ ದೇಹ ಹೊಸ ಶ್ವಾಸಕೋಶವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆ ಜೀವನಪರ್ಯಂತ. ಅದು ಸೋಂಕು ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಗೊಬ್ಬರದ ಗುಂಡಿ, ಬೂಷ್ಟು ಹಿಡಿದ ಕಾಫಿ ಸಿಪ್ಪೆಯ ರಾಶಿ, ಇವುಗಳ ಹತ್ತಿರ ಸುಳಿಯುವಂತಿಲ್ಲ. ಬೆಳೆಗಾರನಿಗೆ ಇದು ಸಣ್ಣ ಶಿಕ್ಷೆಯಲ್ಲ! ಕಸಿಯಾದವರಲ್ಲಿ ಅರ್ಧದಷ್ಟು ಜನ ಸುಮಾರು 6 ವರ್ಷ ದಾಟುತ್ತಾರೆ. ದಾನಿಯ ಶ್ವಾಸಕೋಶ ಕೆಲವೇ ಗಂಟೆ ಬಾಳುವುದರಿಂದ, ಸರದಿಯಲ್ಲಿರುವಾಗ ಆಸ್ಪತ್ರೆಯ ಸಮೀಪವೇ ಮನೆ ಮಾಡಬೇಕಾಗಬಹುದು.

ವಯಸ್ಸು 65ರೊಳಗಿದ್ದು, ಹೃದಯ, ಮೂತ್ರಪಿಂಡ ಗಟ್ಟಿಯಾಗಿದ್ದು, ಶ್ವಾಸಕೋಶ ನಾರುಗಟ್ಟುವ ರೋಗ ಏರುತ್ತಿದ್ದರೆ ಕಸಿ ತಜ್ಞರನ್ನು ಈಗಲೇ ಕಾಣಿರಿ. ಹಾಸಿಗೆ ಹಿಡಿದ ಮೇಲೆ ಹೋದರೆ ತಡವಾಗುತ್ತದೆ. 70 ದಾಟಿ, ಬೇರೆ ಕಾಯಿಲೆಗಳೂ ಇದ್ದರೆ ಆಮ್ಲಜನಕ ಮತ್ತು ಉಸಿರಾಟದ ವ್ಯಾಯಾಮವೇ ನನ್ನ ಆಯ್ಕೆ.